ಮಗುವಿಗೊಂದು ಹಲ್ಲು: ಒಂದು ನಂಬಿಕೆಯ ಪರೀಕ್ಷೆ

‘ಹೆತ್ತ ಮಗುವಿಗೊಂದು ಹಲ್ಲು’ ಎಂಬರ್ಥದ ಗಾದೆ ಇಂಗ್ಲಿಷ್, ಜರ್ಮನ್ ಮುಂತಾದ ಭಾಷೆಗಳಲ್ಲಿದೆ. ಪ್ರತಿ ಹೆರಿಗೆಗೂ ತಾಯಿ ಒಂದು ಹಲ್ಲನ್ನು ಕಳೆದುಕೊಳ್ಳುತ್ತಾಳೆ ಎಂಬುದು ಅದರ ತಾತ್ಪರ್ಯ. ಗಾದೆ ನಮ್ಮದಲ್ಲದಿದ್ದರೂ ಅದರ ಹಿಂದಿನ ವಿವರಣೆ ನಮ್ಮ ಮನೆಗಳಲ್ಲೂ ಕೇಳಿಬರುವಂಥದೇ. ಗರ್ಭದಲ್ಲಿರುವ ಮಗು ತನ್ನ ಮೂಳೆಗೆ ಬೇಕಾದ ಕ್ಯಾಲ್ಸಿಯಮನ್ನು ತಾಯಿಯ ಹಲ್ಲಿನಿಂದ ಎಳೆದುಕೊಳ್ಳುತ್ತದೆ, ಆದ್ದರಿಂದ ಬಸುರಿಯ ಹಲ್ಲು ಹುಳುಕಾಗುತ್ತದೆ, ಸಡಿಲವಾಗುತ್ತದೆ ಎನ್ನುತ್ತಾರೆ. ಮೇಲ್ನೋಟಕ್ಕೆ ಇದು ತರ್ಕಬದ್ಧ. ಹುಟ್ಟುವ ವೇಳೆಗೆ ಶಿಶುವಿನ ದೇಹದಲ್ಲಿ ಸುಮಾರು 30 ಗ್ರಾಮ್ ಕ್ಯಾಲ್ಸಿಯಮ್ ಇರುತ್ತದೆ. ಅದರ ಬಹುಭಾಗ ಕೊನೆಯ ಮೂರು ತಿಂಗಳಲ್ಲಿ ಶೇಖರವಾದುದು. ಅದು ಎಲ್ಲಿಂದಲಾದರೂ ಬರಲೇಬೇಕಲ್ಲ?

ಭೌತವಿಜ್ಞಾನದ ಮೇಷ್ಟರಿಗೆ ಹಲ್ಲಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಈ ಕಥೆಯ ಒಂದು ಮುಖ್ಯ ಪ್ರಯೋಗ ನಡೆದುದು ಭೌತವಿಜ್ಞಾನಿಗಳ ಅಂಗಳದಲ್ಲೇ. 1935ರಲ್ಲಿ ನೀಲ್ಸ್ ಬೋರ್ ಅವರಿಗೆ 50 ವರ್ಷ ತುಂಬಿದಾಗ ಡೆನ್ಮಾರ್ಕಿನಲ್ಲಿ ಹಣ ಕೂಡಿಸಿ ಅವರಿಗೆ 600 ಮಿಲಿಗ್ರಾಮ್ ರೇಡಿಯಮ್ಮನ್ನು ಉಡುಗೊರೆಯಾಗಿ ಕೊಟ್ಟರು. ಅದನ್ನು ಬೆರಿಲಿಯಮ್ ಪುಡಿಯೊಂದಿಗೆ ಬೆರೆಸಿದರೆ ನ್ಯೂಟ್ರಾನುಗಳ ಒಳ್ಳೆಯ ಆಕರ. ಬೋರ್ ಸಂಸ್ಥೆಯಲ್ಲಿದ್ದ ಹಂಗರಿಯ ಜಾರ್ಜ್ ಹೆವೆಸಿ ಆ ನ್ಯೂಟ್ರಾನುಗಳಿಂದ ಗಂಧಕವನ್ನು ತಾಡಿಸಿ ಫಾಸ್ಫರಸ್-32 ಎಂಬ ವಿಕಿರಣಪಟು ಸಮಸ್ಥಾನಿಯನ್ನು ಪಡೆದರು. ಅದರ ಅರ್ಧಾಯು ಸುಮಾರು 14 ದಿನ. ಪ್ರಾಣಿಗೆ ತಿನ್ನಿಸಿದರೆ ಅದು ದೇಹದ ಯಾವ ಭಾಗಕ್ಕೆ ಹೋಗಿ ಸೇರುತ್ತದೆ ಎಂಬುದನ್ನು ಗೈಗರ್ ಗಣಕವೇ ತಿಳಿಸುತ್ತದೆ.

1935ರಲ್ಲಿ ಹೆವೆಸಿ ಮತ್ತು ಚೀವಿಟ್ಸ್ ಇಲಿಗಳ ಮೇಲೆ ನಡೆಸಿದ ಪ್ರಯೋಗ ಒಂದು ಅಚ್ಚರಿಯನ್ನು ಹೊರಗೆಡಹಿತು. ನಿರ್ಜೀವ ಕಂಬದಂತೆ ಕಾಣುವ ಮೂಳೆಯಲ್ಲಿ ಪರಮಾಣುಗಳು ಸದಾ ಬಂದು ಹೋಗುತ್ತಿರುತ್ತವೆ. ಹೆವೆಸಿ 1937ರಲ್ಲಿ ಹೋಲ್ಸ್ಟ್ ಮತ್ತು ಕ್ರೋಗ್ ಜೊತೆಗೂಡಿ ಹಲ್ಲನ್ನು ಪರೀಕ್ಷಿಸಿದಾಗ, ಪೂರ್ಣ ಬೆಳೆದ ಹಲ್ಲಿನಲ್ಲಿ ಈ ವಿನಿಮಯ ಬಹಳ ನಿಧಾನವೆಂದು ಕಂಡುಬಂದಿತು. ಅಳೆದದ್ದು ಫಾಸ್ಫರಸ್, ಗಾದೆಯಲ್ಲಿರುವುದು ಕ್ಯಾಲ್ಸಿಯಮ್ ಎಂಬ ಆಕ್ಷೇಪಕ್ಕೆ ಇಲ್ಲಿ ಹೆಚ್ಚು ಅವಕಾಶವಿಲ್ಲ. ಮೂಳೆ, ಹಲ್ಲು ಎರಡರ ಖನಿಜವೂ ಕ್ಯಾಲ್ಸಿಯಮ್ ಫಾಸ್ಫೇಟಿನ ಒಂದು ರೂಪವೇ. ಖನಿಜ ಕರಗಿದರೆ ಎರಡೂ ಒಟ್ಟಿಗೇ ಹೊರಬರಬೇಕು. ಹಲ್ಲಿನ ಹೊರಕವಚವಾದ ಎನಾಮಲಿನಲ್ಲಂತೂ ರಕ್ತನಾಳವೂ ಇಲ್ಲ, ಹಲ್ಲು ಹೊರಬಂದ ಮೇಲೆ ಜೀವಕೋಶವೂ ಇಲ್ಲ. ಎಳೆದುಕೊಂಡು ಹೋಗಲು ದಾರಿಯೇ ಇಲ್ಲ! ಮಗುವಿನ 30 ಗ್ರಾಮ್ ಬರುವುದು ಮುಖ್ಯವಾಗಿ ತಾಯಿಯ ಊಟದಿಂದ. ಗರ್ಭಿಣಿಯ ಕರುಳು ಕ್ಯಾಲ್ಸಿಯಮನ್ನು ಸುಮಾರು ಎರಡರಷ್ಟು ಹೀರಿಕೊಳ್ಳುತ್ತದೆ. ಊಟ ಸಾಲದಿದ್ದರೆ ತಾಯಿಯ ಮೂಳೆಗಳ ದಾಸ್ತಾನಿಗೆ ಕೈಹಾಕಬೇಕಾಗುತ್ತದೆ.

ಅದೇ 1937ರಲ್ಲಿ ಅಮೆರಿಕದಲ್ಲಿ ದಂತತಜ್ಞ ಜಿಸ್ಕಿನ್ ಮತ್ತು ಸಂಖ್ಯಾವಿಜ್ಞಾನಿ ಹೆರಾಲ್ಡ್ ಹೋಟೆಲಿಂಗ್ ಕೂಡಿ ಅಂಕಿ ಅಂಶಗಳನ್ನು ಜಾಲಾಡಿದರು. ವಯಸ್ಸನ್ನೂ ಲೆಕ್ಕಕ್ಕೆ ಹಿಡಿದಾಗ, ಗರ್ಭಧಾರಣೆಯಿಂದ ಹುಳುಕು ಹೆಚ್ಚುತ್ತದೆ ಎಂಬುದಕ್ಕೆ ಆಧಾರ ದೊರೆಯಲಿಲ್ಲ.

ಹಾಗಾದರೆ ಗಾದೆ ಹುಟ್ಟಿದ್ದು ಬರಿಯ ಗಾಳಿಯಿಂದಲೇ? ಇಲ್ಲ. ಜನ ಕಂಡದ್ದು ನಿಜ, ಊಹಿಸಿದ ಕಾರಣ ತಪ್ಪು. ಹಲ್ಲನ್ನು ಹಿಡಿದು ನಿಲ್ಲಿಸುವ ವಸಡಿನ ಕಡೆಗೆ ನೋಡಿದವರಿಗೆ ಬೇರೆಯೇ ಸುಳಿವು ಸಿಕ್ಕಿತ್ತು. ಪ್ಯಾರಿಸಿನ ಪ್ರಸೂತಿತಜ್ಞ ಅಡಾಲ್ಫ್ ಪಿನಾರ್ 1877ರಲ್ಲೇ ಗರ್ಭಿಣಿಯರ ವಸಡಿನ ಉರಿಯೂತವನ್ನು ವರ್ಣಿಸಿದ್ದರು. (ಭ್ರೂಣದ ಎದೆಬಡಿತವನ್ನು ಆಲಿಸುವ ತುತ್ತೂರಿಯಂಥ ಸಾಧನ ಇವರ ಹೆಸರಿನದೇ.) ಅದನ್ನು ಅಳತೆಗೆ ತಂದವರು ಡೆನ್ಮಾರ್ಕಿನ ಆರ್‌ಹುಸ್‌ನಲ್ಲಿದ್ದ ಹೆರಾಲ್ಡ್ ಲೋ ಮತ್ತು ಸಿಲ್ನೆಸ್. ಅವರ 1963ರ ವರದಿಯಂತೆ ಉರಿಯೂತ ಎರಡನೆಯ ತಿಂಗಳಿನಿಂದ ಕಾಣಿಸಿಕೊಂಡು ಎಂಟನೆಯ ತಿಂಗಳಲ್ಲಿ ತಾರಕಕ್ಕೇರಿ, ಆಮೇಲೆ ಇಳಿಯುತ್ತದೆ. ಗರ್ಭಕಾಲದ ಹಾರ್ಮೋನುಗಳ ಏರಿಳಿತವೂ ಹೆಚ್ಚುಕಡಿಮೆ ಹೀಗೆಯೇ.

ಹಾಗೆಂದು ಹಾರ್ಮೋನೊಂದೇ ಅಪರಾಧಿಯಲ್ಲ. 1965ರಲ್ಲಿ ಲೋ ಮತ್ತು ಸಂಗಡಿಗರು ವಸಡು ಚೆನ್ನಾಗಿದ್ದ 12 ಮಂದಿಗೆ ಹಲ್ಲುಜ್ಜುವುದನ್ನು ಬಿಡಲು ಹೇಳಿದರು. ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳೇ! ಹತ್ತರಿಂದ ಇಪ್ಪತ್ತೊಂದು ದಿನಗಳಲ್ಲಿ ಎಲ್ಲರ ವಸಡೂ ಕೆಂಪಾಯಿತು. ಮತ್ತೆ ಉಜ್ಜತೊಡಗಿದಾಗ ವಾರದೊಳಗೆ ಸರಿಹೋಯಿತು. ಮೂಲ ಕಾರಣ ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಗಳ ಪೊರೆ, ಅಂದರೆ ಪ್ಲಾಕ್. ನನ್ನ ವಿದ್ಯಾರ್ಥಿಗಳಿಗೆ ಹೇಳುವುದಾದರೆ ಪ್ಲಾಕ್ ಸಂಕೇತ, ಹಾರ್ಮೋನು ವರ್ಧಕ. ವರ್ಧಕವನ್ನು ಒಂಬತ್ತು ತಿಂಗಳು ಆರಿಸುವಂತಿಲ್ಲ, ಸಂಕೇತವನ್ನು ತಗ್ಗಿಸಬಹುದು. 1980ರಲ್ಲಿ ಕಾರ್ನ್‌ಮನ್ ಮತ್ತು ಲೋಷೆ ಇದಕ್ಕೆ ಇನ್ನೊಂದು ಎಳೆ ಸೇರಿಸಿದರು. ವಸಡಿನಡಿಯ ಒಂದು ಬಗೆಯ ಬ್ಯಾಕ್ಟೀರಿಯ ತನಗೆ ಬೇಕಾದ ಕೆ ವಿಟಮಿನ್ನಿನ ಬದಲಿಗೆ ಈ ಹಾರ್ಮೋನುಗಳನ್ನೇ ಬಳಸಿಕೊಳ್ಳಬಲ್ಲುದು.

1996ರಲ್ಲಿ ಆಫೆನ್‌ಬಾಖರ್ ತಂಡ 124 ತಾಯಂದಿರನ್ನು ಪರೀಕ್ಷಿಸಿ, ವಸಡಿನ ತೀವ್ರ ರೋಗಕ್ಕೂ ಅವಧಿಗೆ ಮುನ್ನ ಕಡಿಮೆ ತೂಕದ ಮಗು ಹುಟ್ಟುವುದಕ್ಕೂ ಸಂಬಂಧವಿದೆ ಎಂದಿತು. ಸಂಬಂಧವಿದ್ದ ಮಾತ್ರಕ್ಕೆ ಕಾರಣವಾಗದು. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಮೆರಿಕದ 823 ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ 21 ವಾರ ತುಂಬುವ ಮೊದಲೇ ವಸಡಿನ ಚಿಕಿತ್ಸೆ, ಇನ್ನೊಂದಕ್ಕೆ ಹೆರಿಗೆಯ ನಂತರ. ಅಕಾಲ ಹೆರಿಗೆ ಕ್ರಮವಾಗಿ ಶೇ. 12.0 ಮತ್ತು 12.8, ಅಂದರೆ ಗಣನೀಯ ವ್ಯತ್ಯಾಸವಿಲ್ಲ. ಇದನ್ನು ಸೋಲೆಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಾಯಿಯ ವಸಡು ಸುಧಾರಿಸಿತು, ಚಿಕಿತ್ಸೆಯಿಂದ ಮಗುವಿಗೆ ಕೇಡಾಗಲಿಲ್ಲ. ‘ಹೆರಿಗೆಯಾಗಲಿ, ಆಮೇಲೆ ನೋಡೋಣ’ ಎಂದು ಗರ್ಭಿಣಿಯನ್ನು ಹಿಂದಕ್ಕೆ ಕಳಿಸುವವರಿಗೆ ಇದಕ್ಕಿಂತ ಉತ್ತರ ಬೇಕೇ?

ಏಕೆಂದರೆ ಗಾದೆಗೆ ಇನ್ನೂ ಜೀವವಿದೆ. ಯೂರೋಪಿನ 14 ದೇಶಗಳು ಮತ್ತು ಇಸ್ರೇಲಿನ ಮಾಹಿತಿಯಿಂದ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಜಾಣತನದ್ದು. ಮೊದಲ ಎರಡು ಮಕ್ಕಳೂ ಗಂಡು ಅಥವಾ ಎರಡೂ ಹೆಣ್ಣಾದರೆ ದಂಪತಿಗಳು ಮೂರನೆಯದನ್ನು ಬಯಸುವ ಸಂಭವ ಹೆಚ್ಚು. ಇದು ಪ್ರಕೃತಿಯೇ ಎತ್ತಿದ ಚೀಟಿ. ಹೀಗೆ ಮೂರನೆಯ ಮಗು ಪಡೆದ ತಾಯಂದಿರಿಗೆ ಸರಾಸರಿ ನಾಲ್ಕು ಹಲ್ಲು ಕಡಿಮೆ. ತಂದೆಯರಲ್ಲಿ ಆ ವ್ಯತ್ಯಾಸವಿಲ್ಲ. ಕ್ಯಾಲ್ಸಿಯಮ್ ಕಳವನ್ನು ಕೈಬಿಟ್ಟ ಮೇಲೆ ಉಳಿಯುವ ಸಂಶಯಿತರು ಯಾರು? ವಸಡಿನ ರಕ್ತವನ್ನು ‘ಬಸುರಿಗೆ ಸಹಜ’ ಎಂದು ಕಡೆಗಣಿಸುವುದು, ಪದೇ ಪದೇ ಸಿಹಿ ತಿನ್ನುವುದು, ವಾಂತಿಯ ಆಮ್ಲ, ಮುಂದೂಡಿದ ಚಿಕಿತ್ಸೆ, ಕೂಸು ಬಂದ ಮೇಲೆ ಇಲ್ಲದ ಬಿಡುವು. ಇವೆಲ್ಲ ನೀಗಿಸಬಹುದಾದಂಥವು.

ವಾಂತಿಯಾದ ಕೂಡಲೇ ಬ್ರಶ್ ಹಿಡಿಯಬಾರದು. ಆಮ್ಲಕ್ಕೆ ಸಿಕ್ಕ ಎನಾಮಲ್ ಮೆತ್ತಗಾಗಿರುತ್ತದೆ, ಉಜ್ಜಿದರೆ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡ ಕದಡಿ ಬಾಯಿ ಮುಕ್ಕಳಿಸಿ, ಗಂಟೆ ಬಿಟ್ಟು ಉಜ್ಜಬಹುದು. ವಸಡಿನಲ್ಲಿ ರಕ್ತ ಬರುತ್ತದೆಂದು ಉಜ್ಜುವುದನ್ನು ನಿಲ್ಲಿಸುವುದು ತಿರುಗುಮುರುಗು ಚಿಕಿತ್ಸೆ. ಮೃದು ಬ್ರಶ್ಶಿನಿಂದ ದಿನಕ್ಕೆರಡು ಬಾರಿ ಉಜ್ಜಬೇಕು. ಇನ್ನು ಎಕ್ಸ್-ಕಿರಣದ ಭಯ. ಹಲ್ಲಿನ ಒಂದು ಚಿಕ್ಕ ಚಿತ್ರದಿಂದ ತಗಲುವ ವಿಕಿರಣ ಕೆಲವೇ ಮೈಕ್ರೋಸೀವರ್ಟ್. ನೆಲ, ಗಾಳಿ, ಆಕಾಶಗಳಿಂದ ನಾವೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್, ಅಂದರೆ ದಿನಕ್ಕೆ ಆರೂವರೆ ಮೈಕ್ರೋಸೀವರ್ಟ್, ಪಡೆಯುತ್ತಲೇ ಇರುತ್ತೇವೆ. ಕಿರಣ ಹಾಯುವುದು ದವಡೆಯ ಮೂಲಕ. ಗರ್ಭಾಶಯದವರೆಗೆ ಚೆದುರಿ ಬರುವುದು ಅದರ ಅತ್ಯಲ್ಪ ಅಂಶ ಮಾತ್ರ.