ಅರವಟ್ಟಿಗೆಯಿಂದ ಬಂಗಲೆಗೆ: ಕೊಂಗುನಾಡಿನ ನಡೆದಾರಿಗಳು

ತಿರುಪ್ಪೂರಿನಿಂದ ಅವಿನಾಶಿಗೆ ಹೋಗುವ ರಸ್ತೆಯಲ್ಲಿ ತಿರುಮುರುಗನ್‌ಪೂಂಡಿ ಎಂಬ ಊರು ಸಿಗುತ್ತದೆ. ಶಿವನೇ ಇಲ್ಲಿ ದಾರಿಗಳ್ಳತನ ಮಾಡಿಸಿದನೆಂದು ಸ್ಥಳಪುರಾಣ. ತಮಿಳು ಶಿವಭಕ್ತ ಕವಿ ಸುಂದರಮೂರ್ತಿ ನಾಯನಾರ್ ಕೊಡುಂಗಲ್ಲೂರಿನಲ್ಲಿ ಗೆಳೆಯನಾದ ಚೇರ ದೊರೆ ಚೇರಮಾನ್ ಪೆರುಮಾಳನ ಅತಿಥಿಯಾಗಿದ್ದು, ಅವನು ಕೊಟ್ಟ ಹೊನ್ನು ವಸ್ತ್ರಗಳನ್ನು ಆಳುಗಳ ತಲೆಯ ಮೇಲೆ ಹೊರಿಸಿಕೊಂಡು ಊರಿಗೆ ಮರಳುತ್ತಿದ್ದನಂತೆ. ಪೂಂಡಿಯ ಹತ್ತಿರ ಬೇಡರ ಗುಂಪು ಅಡ್ಡಗಟ್ಟಿ ಎಲ್ಲವನ್ನೂ ದೋಚಿತು. ಬೇಡರ ವೇಷದಲ್ಲಿದ್ದವರು ಶಿವಗಣಗಳು. ಸುಂದರ ನೇರ ಗುಡಿಗೆ ಹೋಗಿ ದೇವರನ್ನೇ ತರಾಟೆಗೆ ತೆಗೆದುಕೊಂಡ. ಕಳುವಾದ ಮಾಲು ಮರಳಿ ಬಂತು. ಕನ್ನಡಿಗರಿಗೆ ಈ ಸುಂದರ ಅಪರಿಚಿತನಲ್ಲ. ಹರಿಹರನ ರಗಳೆಯ ನಂಬಿಯಣ್ಣ ಇವನೇ. ತನ್ನನ್ನು ದೋಚಿದವರನ್ನು ಸುಂದರ ತನ್ನ ಹಾಡಿನಲ್ಲಿ ವಡುಗ ಬೇಡರು ಎಂದು ಕರೆದಿದ್ದಾನೆ. ಅಂದರೆ ಬಡಗಣ ಸೀಮೆಯವರು. ಅವರು ಯಾವ ಭಾಷೆಯವರೆಂದು ಕೆದಕದಿರುವುದೇ ನಮಗೆ ಕ್ಷೇಮ.

ಪವಾಡವನ್ನು ಪಕ್ಕಕ್ಕಿಟ್ಟು ನೋಡಿದರೆ ಈ ಕಥೆಯಲ್ಲಿ ಒಂದು ಹೆದ್ದಾರಿಯ ನಿಜವಾದ ಚಿತ್ರವಿದೆ. ಪಡುವಣ ಕರಾವಳಿಯಿಂದ ಹೊರಟ ದಾರಿ, ತಲೆಹೊರೆಯ ಆಳುಗಳು, ಕತ್ತಲಾಗುವುದರೊಳಗೆ ತಲುಪಲೇಬೇಕಾದ ತಂಗುದಾಣ, ಅದು ಸಿಗುವ ಮುಂಚೆ ಕಾದಿರುವ ಅಪಾಯ. ಕೊಂಗುನಾಡಿಗೆ ಸೇರಿದ ಇಂದಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಚರಿತ್ರೆಯನ್ನು ಈ ತಂಗುದಾಣಗಳನ್ನು ಹಿಡಿದೇ ಹೇಳಬಹುದು.

ಭೂಗೋಳವೇ ಇದಕ್ಕೆ ಕಾರಣ. ಗುಜರಾತಿನ ಅಂಚಿನಿಂದ ಕನ್ಯಾಕುಮಾರಿಯವರೆಗೆ ಗೋಡೆಯಂತೆ ನಿಂತ ಪಶ್ಚಿಮಘಟ್ಟ, ಕೊಯಮತ್ತೂರಿನ ಪಡುವಣಕ್ಕೆ ಪಾಲ್ಘಾಟಿನಲ್ಲಿ ಮಾತ್ರ ಸುಮಾರು 30–40 ಕಿಲೋಮೀಟರ್ ಅಗಲಕ್ಕೆ ಬಾಯಿ ಬಿಟ್ಟಿದೆ. ಬಡಗಣಕ್ಕೆ ನೀಲಗಿರಿ, ತೆಂಕಣಕ್ಕೆ ಆನೆಮಲೆ. ನಡುವಿನ ಬಯಲಿನಲ್ಲಿ ಹರಿಯುವ ನೊಯ್ಯಲ್ ಹೊಳೆಯ ದಂಡೆ ಹಿಡಿದು ಹೊರಟರೆ ಕಾವೇರಿ ಸಿಗುತ್ತದೆ. ಕೇರಳದ ಮುಸಿರಿ ಬಂದರಿನಲ್ಲಿ ಇಳಿದ ಸರಕು ಕರೂರಿಗೆ ಹೋದದ್ದು ಈ ದಾರಿಯಲ್ಲೇ. ದಾರಿಯುದ್ದಕ್ಕೂ ರೋಮನ್ ನಾಣ್ಯಗಳ ನಿಕ್ಷೇಪಗಳು ಸಿಕ್ಕಿವೆ. ಕೊಯಮತ್ತೂರಿಗೆ ಅಂಟಿಕೊಂಡಿರುವ ವೆಳ್ಳಲೂರಿನಲ್ಲಿ 1842ರಲ್ಲಿ ಮೊದಲು ಸಿಕ್ಕವು. ಆಮೇಲೆಯೂ ಅಲ್ಲಿನ ಮಣ್ಣು ನಾಣ್ಯ ಕೊಡುತ್ತಲೇ ಇತ್ತು. ಕಾಂಗೇಯದ ಬಳಿಯ ಪಡಿಯೂರಿನ ಪಚ್ಚೆನೀಲಿ ಬೆರಿಲ್ ಹರಳುಗಳು ಎದುರು ದಿಕ್ಕಿಗೆ ಹೊರಟ ಸರಕು.

ಇದೇ ದಾರಿಗೆ ಚೋಳರು ಒಂದು ಹೆಸರು ಕೊಟ್ಟರು. ಕೊಯಮತ್ತೂರಿನ ಪಡುವಣ ಅಂಚಿನ ಸುಂಡಕ್ಕಾಮುತ್ತೂರಿನ ಬಳಿ ಬಂಡೆಯೊಂದರ ಮೇಲೆ ತಮಿಳು ಮತ್ತು ವಟ್ಟೆಳುತ್ತು ಎರಡೂ ಲಿಪಿಗಳಲ್ಲಿ ಒಂದೇ ಬರಹವಿದೆ: ಇದು ರಾಜಕೇಸರಿ ಪೆರುವಳಿ, ಅಂದರೆ ರಾಜಕೇಸರಿ ಹೆದ್ದಾರಿ. ಬರೆಸಿದವನು 9ನೆಯ ಶತಮಾನದ ಆದಿತ್ಯ ಚೋಳನೆಂದು ವಿದ್ವಾಂಸರ ನಿರ್ಣಯ. ಎರಡು ಲಿಪಿಗಳೇಕೆ? ಮೂಡಣದಿಂದ ಬಂದವನಿಗೆ ಒಂದು, ಮಲೆಯಾಚೆಯಿಂದ ಬಂದವನಿಗೆ ಇನ್ನೊಂದು ಎಂದುಕೊಳ್ಳುವುದೇ ಸರಿ. ಧರ್ಮಪುರಿ ಸೀಮೆಯ ಅದಿಯಮಾನ್ ಪೆರುವಳಿಯ ಮೈಲಿಗಲ್ಲುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಅವುಗಳ ಮೇಲೆ ದೂರವನ್ನು ಅಕ್ಷರ, ಅಂಕಿಗಳಲ್ಲಿ ಕೆತ್ತಿದ್ದಲ್ಲದೆ ಓದಲು ಬಾರದವರಿಗಾಗಿ ಅದೇ ಲೆಕ್ಕವನ್ನು ಕುಳಿಗಳಲ್ಲೂ ಕೊರೆದಿದ್ದರು. ನಡೆಯುವವನು ಕುಳಿಗಳ ಮೇಲೆ ಬೆರಳಾಡಿಸಿ ಇನ್ನೆಷ್ಟು ದೂರವೆಂದು ತಿಳಿಯಬಹುದಿತ್ತು.

ದೊರೆ ಹೆಸರಿಟ್ಟ, ದಾರಿಯನ್ನು ನಡೆಯುವಂತೆ ಮಾಡಿದವರು ಮಾತ್ರ ಊರಿನವರು. ಎಲ್ಲಕ್ಕಿಂತ ಸರಳವಾದ ಏರ್ಪಾಡು ಹೊರೆಗಲ್ಲು. ಎರಡು ಕಲ್ಲುಕಂಬ ನೆಟ್ಟು ಆಳೆತ್ತರಕ್ಕೆ ಮೇಲೊಂದು ಚಪ್ಪಡಿ ಅಡ್ಡ ಹಾಸಿದರೆ ಆಯಿತು. ಒಂಟಿಯಾಗಿ ಹೊರೆ ಹೊತ್ತವನು ನೆಲಕ್ಕಿಳಿಸಿದರೆ ಮತ್ತೆ ಎತ್ತಿಕೊಡಲು ಇನ್ನೊಬ್ಬ ಬೇಕು. ತಲೆಯ ಮಟ್ಟದ ಚಪ್ಪಡಿಗೆ ಜಾರಿಸಿದರೆ ಯಾರ ಹಂಗೂ ಬೇಡ. ತಮಿಳುನಾಡಿನಲ್ಲಿ ಇವನ್ನು ಹೆಚ್ಚಾಗಿ ನಿಲ್ಲಿಸಿದ್ದು ತುಂಬುಬಸುರಿನಲ್ಲಿ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗೆ. ಹೊತ್ತ ಭಾರ ಇಳಿಸದೆ ಹೋದವಳ ಹೆಸರಿನಲ್ಲಿ ಬೇರೆಯವರ ಭಾರ ಇಳಿಯಲಿ ಎಂಬ ಭಾವ. ಮೈಸೂರು ಸೀಮೆಯ ಹಳೆಯ ದಾರಿಗಳಲ್ಲೂ ಇಂಥ ಕಲ್ಲುಗಳಿದ್ದವು.

ಅದಾದ ಮೇಲೆ ಅರವಟ್ಟಿಗೆ. ಬೇಸಗೆಯಲ್ಲಿ ಗರಿಯ ಚಪ್ಪರ, ಮಡಕೆಯಲ್ಲಿ ನೀರು, ಅನುಕೂಲಸ್ಥರು ಇಡಿಸಿದ ಮಜ್ಜಿಗೆ. ಕೊಯಮತ್ತೂರಿನ ಪೀಳಮೇಡಿನ ಹತ್ತಿರ ತಣ್ಣೀರ್‌ಪಂದಲ್ ಎಂಬ ಬಡಾವಣೆಯೇ ಇದೆ. ಈಗ ಅಲ್ಲಿ ಕಾಣುವುದು ವಾಹನಗಳ ಸಾಲು. ರಾತ್ರಿಗೆ ಸತ್ರ, ಸತ್ರವಿಲ್ಲದ ಕಡೆ ಗುಡಿಯ ಮಂಟಪ, ಅದೂ ಇಲ್ಲವಾದರೆ ಮನೆಯ ಜಗಲಿ. ಸತ್ರ ಕಟ್ಟಿಸಿದವನು ಅದರ ಖರ್ಚಿಗೆಂದು ಜಮೀನು ಬಿಡುತ್ತಿದ್ದ. ಹಾದುಹೋಗುವವರಿಗೆ ಅಡುಗೆಗೆ ಸೌದೆ, ನೀರು, ಕೆಲವು ಕಡೆ ಊಟವೇ ಸಿಗುತ್ತಿತ್ತು. ಮೈಸೂರಿನ ದೊಡ್ಡ ದೇವರಾಜ ಒಡೆಯರು ದಾರಿಗಳಲ್ಲಿ ಅನ್ನಸತ್ರಗಳನ್ನು ನಡೆಸಿದರೆಂಬ ಕೀರ್ತಿ ಇದೆ. ಈ ಚಿತ್ರವನ್ನು ಹೆಚ್ಚು ಚಂದ ಮಾಡಬಾರದು. ಸತ್ರದ ಪಡಸಾಲೆಯಲ್ಲಿ ಯಾರು ಎಲ್ಲಿ ಮಲಗಬೇಕು, ಯಾರು ಬಾಗಿಲ ಹೊರಗೇ ಉಳಿಯಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ದಲಿತ ಆಳು ಹೊರೆ ಹೊತ್ತು ಬಂದರೆ ಹೊರೆಗೆ ಒಳಗೆ ಜಾಗ, ಅವನಿಗೆ ಮರದಡಿ. ಆದರೂ ಒಂದು ಮಾತು ನಿಜ: ಒಳಗೆ ಬಿಟ್ಟುಕೊಂಡವನಿಗೆ ಯಾವ ಚೀಟಿಯೂ ಬೇಕಿರಲಿಲ್ಲ. ದಾರಿಯಲ್ಲಿ ಬಂದಿದ್ದೇ ಅವನ ಅರ್ಹತೆ.

ಕನ್ನಡ ನಾಡಿನಿಂದ ಇಲ್ಲಿಗೆ ಇಳಿಯುವ ದಾರಿ ಗಜಲಹಟ್ಟಿ ಕಣಿವೆ. ಮೈಸೂರಿನಿಂದ ತೆರಕಣಾಂಬಿ, ಗಜಲಹಟ್ಟಿ, ದಣ್ಣಾಯಕನ ಕೋಟೆ, ಅಲ್ಲಿಂದ ಕೊಯಮತ್ತೂರು. ಒಡೆಯರ, ಹೈದರನ, ಟಿಪ್ಪುವಿನ ದಂಡುಗಳು ಇಳಿದದ್ದು ಇಲ್ಲಿಯೇ; ಬಟ್ಟೆಯ ಗಂಟು ಹೊತ್ತ ದೇವಾಂಗದವರಿಗೂ ದನ ಹೊಡೆದುಕೊಂಡು ಬರುವವರಿಗೂ ಇದೇ ದಾರಿ. ಕೊಯಮತ್ತೂರು, ಸಿರುಮುಗೈ, ಉಡುಮಲಪೇಟೆಗಳ ದೇವಾಂಗ ಮನೆಗಳಲ್ಲಿ ಇಂದಿಗೂ ಕನ್ನಡ ಮನೆಮಾತು, ಚೌಡೇಶ್ವರಿ ಮನೆದೇವರು. ದಣ್ಣಾಯಕನ ಕೋಟೆ ಮಾತ್ರ 1950ರ ದಶಕದಲ್ಲಿ ಭವಾನಿಸಾಗರದ ನೀರಿನಡಿ ಸೇರಿತು. ಬರಗಾಲದಲ್ಲಿ ನೀರು ತೀರ ಇಳಿದಾಗ ಹಳೆಯ ಗುಡಿ ತಲೆ ಎತ್ತುತ್ತದೆ.

ಇನ್ನೊಂದು ನಂಟು ಈಗ ಬಹಳ ಮಂದಿಗೆ ಮರೆತುಹೋಗಿದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಯಮತ್ತೂರು ಕಂಪನಿಯ ಪಾಲಾದಾಗ, ಘಟ್ಟದ ಮೇಲಿನ ಕೊಳ್ಳೇಗಾಲವೂ ಅದರ ಜೊತೆ ಹೋಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಮಲೆ ಮಹದೇಶ್ವರನ ಬೆಟ್ಟ ಕೊಯಮತ್ತೂರು ಜಿಲ್ಲೆಯಲ್ಲಿತ್ತು! ಜಿಲ್ಲೆಯ ಕಚೇರಿಯಲ್ಲಿ ಕೆಲಸವಿದ್ದ ಕೊಳ್ಳೇಗಾಲದ ರೈತ ಕಾಡು ದಾಟಿ, ಘಟ್ಟ ಇಳಿದು, ತಮಿಳು ಊರುಗಳ ನಡುವೆ ಹಾದುಹೋಗಬೇಕಿತ್ತು.

ಈ ಜಿಲ್ಲೆಯ ಎರಡೂ ಮುಖಗಳನ್ನು ಒಂದೇ ಸುತ್ತಿನಲ್ಲಿ ನೋಡಿದವನು ಫ್ರಾನ್ಸಿಸ್ ಬುಕಾನನ್. ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ 1800ರ ಏಪ್ರಿಲ್‌ನಲ್ಲಿ ಮದರಾಸು ಬಿಟ್ಟ ಈ ವೈದ್ಯ, ಅದೇ ವರ್ಷ ಜಿಲ್ಲೆಯ ಘಟ್ಟದ ಮೇಲಿನ ಭಾಗದಿಂದ ಕಾವೇರಿಪುರದ ಕಣಿವೆ ಇಳಿದು, ಕೊಯಮತ್ತೂರು, ತಿರುಪ್ಪೂರು, ಪೊಳ್ಳಾಚಿಗಳನ್ನು ಹಾದು ಪಾಲ್ಘಾಟಿಗೆ ಹೋದ. ಸಂಜೆ ಡೇರೆ ಹಾಕಿದ ಕಡೆ ರೈತರನ್ನೂ ನೇಕಾರರನ್ನೂ ಕರೆಸಿ ಕೂರಿಸಿಕೊಂಡು ಬೆಳೆ, ಕೂಲಿ, ಕುಲ, ಕಂದಾಯ ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಿದ್ದ. ಪೊಳ್ಳಾಚಿಯಲ್ಲಿ ಸ್ವಲ್ಪ ಹಿಂದೆ ಅಗೆದಾಗ ಸಿಕ್ಕ ಮಡಕೆಯೊಂದರಲ್ಲಿ ರೋಮನ್ ಬೆಳ್ಳಿ ನಾಣ್ಯಗಳಿದ್ದವು. ಅಗಸ್ಟಸ್ ಮತ್ತು ಟೈಬೀರಿಯಸ್ ಮುದ್ರೆಯವು. ಅವುಗಳಲ್ಲಿ ಕೆಲವನ್ನು ಅಧಿಕಾರಿಯೊಬ್ಬ ಬುಕಾನನ್ನನಿಗೆ ಕೊಟ್ಟ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂದ ಅವನ ದಿನಚರಿ ಬಿಡಾರದಿಂದ ಬಿಡಾರಕ್ಕೆ ಸಾಗುತ್ತದೆ. ಡೇರೆ, ಆಳು, ಪರಿವಾರಗಳೊಂದಿಗೆ ಸಾಗಿದ ಸರಕಾರಿ ಸವಾರಿ ಅದು, ನಿಜ. ಆದರೂ ದಾರಿಯ ಅಂತರಗಳನ್ನು ಅವನಿಗೆ ನಿಗದಿಮಾಡಿದ್ದು ಕೆರೆಗಳು ಮತ್ತು ಊರುಗಳು. ಅವನಿಗಿಂತ ಮುಂಚೆ ಸಾವಿರ ವರ್ಷ ನಡೆದವರಿಗೂ ಅವೇ.

ರೈಲು ಬಂದಿದ್ದೇ ಈ ಅಂತರಗಳಿಗೆ ಅರ್ಥವಿಲ್ಲವಾಯಿತು. ಮದರಾಸಿನಿಂದ ಪಡುವಣ ಕಡಲಿಗೆ ಹಾಕಿದ ಹಳಿ 1862ರ ಹೊತ್ತಿಗೆ ಪೋತನೂರಿನ ಮೂಲಕ ಬೇಪೂರ್ ತಲುಪಿತು. 1873ರಲ್ಲಿ ಮೆಟ್ಟುಪಾಳೆಯಕ್ಕೆ ಕವಲು. ಆರೇಳು ದಿನದ ನಡೆ ಒಂದು ಹಗಲಿಗೆ ಇಳಿಯಿತು. 1871ರ ಕಾಯಿದೆಯಿಂದ ಹುಟ್ಟಿದ ಸ್ಥಳೀಯ ನಿಧಿ ಮಂಡಳಿಗಳು ಅನೇಕ ಸತ್ರಗಳ ಆಡಳಿತ ವಹಿಸಿಕೊಂಡವು. ಮುಂದೆ ಎಷ್ಟೋ ಸತ್ರಗಳು ಶಾಲೆ, ಕಚೇರಿ, ಕಲ್ಯಾಣಮಂಟಪಗಳಾಗಿ ಉಳಿದವು, ಇಲ್ಲವೇ ಕುಸಿದವು.

ಅದೇ ಕಾಲದಲ್ಲಿ ಇನ್ನೊಂದು ಬಗೆಯ ತಂಗುದಾಣ ತಲೆ ಎತ್ತಿತು: ಬಂಗಲೆ. ಬಯಲಿನಲ್ಲಿ ಪ್ರವಾಸಿ ಬಂಗಲೆ, ಮಲೆಯಲ್ಲಿ ಅರಣ್ಯ ಬಂಗಲೆ. ಆನೆಮಲೆಯ ತೇಗ ಬೊಂಬಾಯಿಯ ಹಡಗುಕಟ್ಟೆಗೆ ಬೇಕಾಗಿತ್ತು. ಅದಕ್ಕಾಗಿ 1840ರ ದಶಕದ ಕೊನೆಯಲ್ಲಿ ಮೈಕೆಲ್ ಎಂಬ ಸೇನಾಧಿಕಾರಿ ಇಲ್ಲಿ ಕಾಡಿನ ಉಸ್ತುವಾರಿಗೆ ಬಂದ. ಮಲೆಯ ಮೇಲಿನಿಂದ ದಿಮ್ಮಿಗಳನ್ನು ಕೆಳಕ್ಕೆ ಜಾರಿಸುತ್ತಿದ್ದ ಜಾಗಕ್ಕೆ ಟಾಪ್‌ಸ್ಲಿಪ್ ಎಂಬ ಹೆಸರು ಉಳಿದಿದೆ. 1882ರ ಮದರಾಸು ಅರಣ್ಯ ಕಾಯಿದೆ ಬಂದ ಮೇಲೆ ಕಾಡಿನೊಳಗೆ ಕಾಲಿಡಲು, ಅಲ್ಲಿ ರಾತ್ರಿ ಕಳೆಯಲು ಅಧಿಕಾರಿಯ ಅಪ್ಪಣೆ ಬೇಕಾಯಿತು. ಅಷ್ಟರವರೆಗೆ ದಾರಿಯೇ ತಮ್ಮದಾಗಿದ್ದ ಕಾಡರ್, ಮುದುವರ್, ಮಲಸರ್ ಜನ ದಾರಿತೋರುವ ಕೂಲಿಗಳಾದರು. ಸತ್ರದ ಬಾಗಿಲಿನಲ್ಲಿ ಜಾತಿ ಕೇಳುತ್ತಿದ್ದರು, ಬಂಗಲೆಯ ಬಾಗಿಲಿನಲ್ಲಿ ಹುದ್ದೆ ಕೇಳಿದರು. ಜಾತಿ ಕೇಳುವುದು ಹೆಚ್ಚು ಕ್ರೂರ; ಆದರೆ ಬಂಗಲೆಯ ಪ್ರಶ್ನೆ ಬಹುಪಾಲು ಎಲ್ಲರನ್ನೂ ಹೊರಗಿಟ್ಟಿತು.

ಹೋಲಿಕೆಗೆ ಜರ್ಮನಿಯನ್ನು ನೋಡಬಹುದು. 1909ರಲ್ಲಿ ರಿಚರ್ಡ್ ಶಿರ್‌ಮನ್ ಎಂಬ ಶಾಲಾ ಮೇಷ್ಟ್ರು ಮಕ್ಕಳೊಂದಿಗೆ ಕಾಲ್ನಡಿಗೆಯಲ್ಲಿದ್ದಾಗ ಬಿರುಮಳೆಗೆ ಸಿಕ್ಕಿ ಹಳ್ಳಿಶಾಲೆಯೊಂದರಲ್ಲಿ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳೆಲ್ಲ ನಡೆಯುವ ಮಕ್ಕಳ ತಂಗುದಾಣವಾಗಬಾರದೇಕೆ ಎಂಬ ಯೋಚನೆ ಅಂದು ಹುಟ್ಟಿತು. 1912ರಲ್ಲಿ ಆಲ್ಟೆನಾದ ಕೋಟೆಯಲ್ಲಿ ಮೊದಲ ಯೂತ್ ಹಾಸ್ಟೆಲ್ ತೆರೆಯಿತು. ಸ್ಕಾಟ್ಲೆಂಡಿನ ಗುಡ್ಡಗಾಡು, ದೂರದ ದ್ವೀಪಗಳಲ್ಲಿ ಹಾಸ್ಟೆಲಿನಿಂದ ಹಾಸ್ಟೆಲಿಗೆ ನಡೆಯುವ ಇಂದಿನ ರಜೆಗೆ ಮೂಲ ಅದು. ಯುರೋಪು ಹೊಸದಾಗಿ ಇದನ್ನು ಕಟ್ಟಿಕೊಳ್ಳುತ್ತಿದ್ದಾಗ ಕೊಂಗುನಾಡಿನ ಸತ್ರಗಳ ಗೋಡೆಯ ಗಾರೆ ಉದುರುತ್ತಿತ್ತು.

ಬಂಗಲೆಯ ಕಾಲ ಕೆಟ್ಟವರನ್ನಷ್ಟೇ ಕೊಡಲಿಲ್ಲ. ಅರಣ್ಯಾಧಿಕಾರಿ ಹ್ಯೂಗೊ ವುಡ್ ಟಾಪ್‌ಸ್ಲಿಪ್ಪಿನ ಮೌಂಟ್ ಸ್ಟುವರ್ಟಿನಲ್ಲಿ ಬಿಡಾರ ಮಾಡಿ, ಬೋಳಾಗಿದ್ದ ಮಲೆಯಲ್ಲಿ ಮತ್ತೆ ತೇಗ ಎಬ್ಬಿಸಿದ. ಜೇಬು ತುಂಬ ಬೀಜ ಇಟ್ಟುಕೊಂಡು, ನಡೆಯುತ್ತ ನಡೆಯುತ್ತ ಊರುಗೋಲಿನಿಂದ ಮಣ್ಣಿಗೊತ್ತುತ್ತಿದ್ದನೆಂದು ಜನ ಈಗಲೂ ಹೇಳುತ್ತಾರೆ. 1933ರಲ್ಲಿ ತೀರಿಕೊಂಡ ಅವನ ಸಮಾಧಿ ಆ ತೇಗಗಳ ನಡುವೆಯೇ ಇದೆ.

ಹಳೆಯ ಬಗೆಯ ನಡಿಗೆ ಪೂರ್ತಿ ಸತ್ತಿಲ್ಲ. ದೇವರಿರುವ ಕಡೆ ಅದು ಉಳಿದಿದೆ. ತೈಪೂಸ ಹಬ್ಬದ ಹೊತ್ತಿಗೆ ಕೊಯಮತ್ತೂರು–ಪೊಳ್ಳಾಚಿ–ಉಡುಮಲಪೇಟೆ ರಸ್ತೆಯಲ್ಲೂ ಧಾರಾಪುರದ ರಸ್ತೆಯಲ್ಲೂ ಪಳನಿಗೆ ಹೊರಟವರ ಕಾವಡಿಗಳ ಸಾಲು. ದಾರಿಬದಿಯಲ್ಲಿ ಚಪ್ಪರ, ನೀರು, ಮಜ್ಜಿಗೆ, ಊಟ. ಕಲ್ಯಾಣಮಂಟಪದ ನೆಲದ ಮೇಲೆ ನಿದ್ದೆ. ಕೊಯಮತ್ತೂರಿನ ಪಡುವಣದ ಪೂಂಡಿಯಿಂದ ಹೊರಡುವ ವೆಳ್ಳಿಯಂಗಿರಿಯ ಏಳು ಬೆಟ್ಟಗಳ ಏರು ಇದಕ್ಕಿಂತ ಕಠಿಣ. ಜನ ಬಿದಿರುಕೋಲು ಹಿಡಿದು ರಾತ್ರಿಯೇ ಹತ್ತಲು ತೊಡಗುತ್ತಾರೆ. ದಾರಿಯ ಚಿಲುಮೆಗಳಲ್ಲಿ ನೀರು, ಬಂಡೆಯ ಮರೆಯಲ್ಲಿ ವಿಶ್ರಾಂತಿ. ಏಳನೆಯ ಬೆಟ್ಟದ ಬಂಡೆಗಳ ನಡುವೆ ಶಿವ. ತೆರೆದಿರುವುದು ಫೆಬ್ರವರಿಯಿಂದ ಮೇ ತನಕ. ಹೃದಯದ, ಉಸಿರಿನ ತೊಂದರೆ ಇರುವವರು ಹತ್ತಬಾರದೆಂದು ಅರಣ್ಯ ಇಲಾಖೆ ಎಚ್ಚರಿಸುತ್ತದೆ. ಕೇಳದೆ ಹತ್ತಿ ಪ್ರಾಣ ಕಳೆದುಕೊಂಡವರಿದ್ದಾರೆ.

ದೇವರಿಲ್ಲದ ನಡಿಗೆಗೆ ಈಗ ಟಿಕೆಟ್ಟಿದೆ. 2018ರ ಮಾರ್ಚಿನಲ್ಲಿ ತೇಣಿ ಜಿಲ್ಲೆಯ ಕುರಂಗಣಿಯ ಕಾಳ್ಗಿಚ್ಚಿಗೆ ಚಾರಣಿಗರು ಬಲಿಯಾದರು. ಸಿಕ್ಕಿಕೊಂಡಿದ್ದ ಎರಡು ತಂಡಗಳಲ್ಲಿ ಒಂದು ಈರೋಡು–ತಿರುಪ್ಪೂರು ಕಡೆಯದು. ಆಮೇಲೆ ನಿಯಮಗಳು ಬಿಗಿಯಾದವು. 2024ರಲ್ಲಿ ತಮಿಳುನಾಡು ಸರಕಾರ 40 ಚಾರಣದಾರಿಗಳನ್ನು ಗುರುತಿಸಿ ಆನ್‌ಲೈನ್ ಬುಕಿಂಗ್ ಆರಂಭಿಸಿತು. ಟಾಪ್‌ಸ್ಲಿಪ್–ಪಂಡಾರವರೈ ಅವುಗಳಲ್ಲಿ ಒಂದು. ಜೊತೆಗೆ ಬರುವ ಮಾರ್ಗದರ್ಶಕರು ಹೆಚ್ಚಾಗಿ ಅಲ್ಲಿನ ಬುಡಕಟ್ಟಿನವರೇ. ಹುಲಿ, ಆನೆಗಳ ನಾಡಿನಲ್ಲಿ ಇಷ್ಟು ಕಟ್ಟುಪಾಡು ತಪ್ಪಲ್ಲ. ಆದರೆ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮರಳುವ ಈ ತುಂಡು ನಡಿಗೆ ಊರಿನಿಂದ ಊರಿಗೆ ಕರೆದೊಯ್ಯುವುದಿಲ್ಲ.

ಬಯಲುಸೀಮೆಯ ಹಳೆಯ ದಾರಿಗೆ ಈ ಅಡ್ಡಿಯೇನೂ ಇಲ್ಲ. ಪೇರೂರು, ಸೂಲೂರು, ಅವಿನಾಶಿ, ತಿರುಮುರುಗನ್‌ಪೂಂಡಿ, ಕಾಂಗೇಯ, ಧಾರಾಪುರ: ಎಲ್ಲ ಊರುಗಳೂ ಒಂದೊಂದು ದಿನದ ನಡೆಯ ಅಂತರದೊಳಗೆ ಇವೆ. ರಸ್ತೆ ಅಗಲಿಸುವ ಯಂತ್ರ ಬಂದಾಗ ಮೊದಲು ಉರುಳುವುದು ಹೊರೆಗಲ್ಲು, ಆಮೇಲೆ ಸತ್ರದ ಜಗಲಿ. ಈ ಸೀಮೆಯಲ್ಲಾಗಲಿ, ಒಂದು ಕಾಲಕ್ಕೆ ಇದೇ ಜಿಲ್ಲೆಯಾಗಿದ್ದ ಕೊಳ್ಳೇಗಾಲದಲ್ಲಾಗಲಿ ಅಂಥ ಕಲ್ಲೊಂದು ಕಣ್ಣಿಗೆ ಬಿದ್ದರೆ, ಅದರ ಮೇಲೆ ಅಕ್ಷರಗಳಿವೆಯೇ ಎಂದು ನೋಡಿ, ಚಿತ್ರ ತೆಗೆದು, ತಾಲ್ಲೂಕು ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ರಸ್ತೆಯ ಕಾಮಗಾರಿ ಶುರುವಾಗುವ ಮುಂಚೆಯೇ ತಿಳಿಸಿ.