ದಿನ ತುಂಬದ ಶಿಶುಗಳ ಕಣ್ಣು

ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿ ಸಿಗುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಅಲ್ಲಿ ದಿನ ತುಂಬುವ ಬಹು ಮೊದಲೇ ಹುಟ್ಟಿದ ಕೂಸು ಉಳಿಯಬೇಕಾದರೆ ಕಲಬುರಗಿಯ ದೊಡ್ಡಾಸ್ಪತ್ರೆಯ ನವಜಾತ ಶಿಶು ಘಟಕವನ್ನು ಸೇರಬೇಕು. ಹಿಂದಿನ ತಲೆಮಾರಿನಲ್ಲಿ ಆಸೆ ಬಿಡುತ್ತಿದ್ದ ಒಂದು, ಒಂದೂಕಾಲು ಕಿಲೋ ತೂಕದ ಶಿಶುಗಳು ಇಂದು ಬದುಕಿ ಮನೆಗೆ ಮರಳುತ್ತವೆ. ಆದರೆ ಬದುಕಿ ಬಂದ ಕೂಸಿಗೆ ಕಣ್ಣಿನ ಗಂಡಾಂತರವೊಂದು ಉಳಿದಿರುತ್ತದೆ.

೧೯೪೨ರಲ್ಲಿ ಅಮೆರಿಕದ ಬೋಸ್ಟನ್ ನಗರದ ನೇತ್ರವೈದ್ಯ ಥಿಯೊಡೋರ್ ಟೆರಿ ಇಂತಹ ಶಿಶುಗಳ ಕಣ್ಣಿನ ಮಸೂರದ ಹಿಂದೆ ಬಿಳಿಯ ಪೊರೆಯೊಂದು ಬೆಳೆದುದನ್ನು ವರದಿ ಮಾಡಿದನು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು ೧೦,೦೦೦ ಮಕ್ಕಳು ಕುರುಡಾದರು. ವಿಚಿತ್ರವೆಂದರೆ ರೋಗ ಹೆಚ್ಚಿದ್ದುದು ಬಡ ಆಸ್ಪತ್ರೆಗಳಲ್ಲಲ್ಲ, ಸಕಲ ಸೌಕರ್ಯಗಳಿದ್ದ ಆಸ್ಪತ್ರೆಗಳಲ್ಲಿ. ೧೯೫೧ರಲ್ಲಿ ಮೆಲ್ಬೋರ್ನಿನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಕಾರಣವನ್ನು ಊಹಿಸಿದಳು: ಗಾಜಿನ ಪೆಟ್ಟಿಗೆಯೊಳಗೆ ಧಾರಾಳವಾಗಿ ಹರಿಸುತ್ತಿದ್ದ ಆಮ್ಲಜನಕ.

ಅದೇ ಕಾಲದಲ್ಲಿ ವಾಷಿಂಗ್ಟನ್ನಿನ ಗ್ಯಾಲಿಂಜರ್ ಆಸ್ಪತ್ರೆಯಲ್ಲಿ ಆರ್ನಾಲ್ ಪ್ಯಾಟ್ಝ್ ಇದನ್ನು ಪರೀಕ್ಷಿಸುತ್ತಿದ್ದನು. ಕೆಲವು ಶಿಶುಗಳಿಗೆ ಮಿತವಾಗಿ ಆಮ್ಲಜನಕ ಕೊಡಬೇಕಿತ್ತು. ರಾತ್ರಿ ಪಾಳಿಯ ದಾದಿಯರಲ್ಲಿ ಕೆಲವರು ಕೂಸುಗಳ ಮೇಲಿನ ಮರುಕದಿಂದ, ಯಾರಿಗೂ ತಿಳಿಯದಂತೆ ಅದರ ಪ್ರಮಾಣವನ್ನು ಏರಿಸಿಬಿಡುತ್ತಿದ್ದರಂತೆ. ಅವರನ್ನು ದೂರುವ ಮನಸ್ಸು ಯಾರಿಗೆ ಬಂದೀತು? ೧೯೫೩-೫೪ರಲ್ಲಿ ಅಮೆರಿಕದ ೧೮ ಆಸ್ಪತ್ರೆಗಳು ಕೂಡಿ ನಡೆಸಿದ ಪರೀಕ್ಷೆಯಿಂದ ಸಂಶಯ ಕಳೆಯಿತು. ಆದರೆ ಅನಂತರ ಆಮ್ಲಜನಕವನ್ನು ಅತಿಯಾಗಿ ಬಿಗಿಹಿಡಿದುದರಿಂದ ಉಸಿರಿಲ್ಲದೆ ಸತ್ತ ಕೂಸುಗಳು ಹೆಚ್ಚಿದವು. ಒಂದು ಮಗುವಿನ ಕುರುಡನ್ನು ತಪ್ಪಿಸಿದುದಕ್ಕೆ ಸುಮಾರು ೧೬ ಮಕ್ಕಳ ಪ್ರಾಣ ತೆರಬೇಕಾಯಿತೆಂದು ೧೯೭೩ರಲ್ಲಿ ಇಂಗ್ಲೆಂಡಿನ ಕೆನೆತ್ ಕ್ರಾಸ್ ಅಂದಾಜು ಮಾಡಿದನು. ಹೆಚ್ಚು ಕೊಟ್ಟವರೂ ಕಡಿಮೆ ಕೊಟ್ಟವರೂ ಶಿಶುವಿನ ಹಿತವನ್ನೇ ಬಯಸಿದ್ದರು.

ರೋಗದ ರೀತಿ ಹೀಗಿದೆ. ಕಣ್ಣಿನ ಹಿಂಬದಿಯ ಅಕ್ಷಿಪಟಲದ ರಕ್ತನಾಳಗಳು ಗರ್ಭದಲ್ಲಿ ನಡುವಿನಿಂದ ಅಂಚಿನ ಕಡೆಗೆ ಹಬ್ಬುತ್ತ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಅಂಚನ್ನು ಮುಟ್ಟುತ್ತವೆ. ಬೇಗ ಹುಟ್ಟಿದ ಕೂಸಿನಲ್ಲಿ ಆ ಬೆಳವಣಿಗೆ ನಡುವೆಯೇ ನಿಲ್ಲುತ್ತದೆ. ಆಮೇಲೆ ವಕ್ರವಾಗಿ ಚಿಗುರಿದ ನಾಳಗಳು ಪಟಲವನ್ನು ಎಳೆದು ಕಿತ್ತುಬಿಡಬಲ್ಲವು. ಹೊರಗಿನಿಂದ ನೋಡಿದರೆ ಕಣ್ಣು ನಿರ್ಮಲವಾಗಿಯೇ ಕಾಣುತ್ತದೆ. ಆದ್ದರಿಂದ ೩೪ ವಾರಕ್ಕೆ ಮೊದಲು ಹುಟ್ಟಿದ ಅಥವಾ ೨೦೦೦ ಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳ ಕಣ್ಣನ್ನು ೩೦ ದಿನಗಳೊಳಗೆ, ತೀರ ಎಳೆಯವಾದರೆ ಎರಡು ಮೂರು ವಾರಗಳಲ್ಲೇ ಪರೀಕ್ಷಿಸಬೇಕೆಂಬುದು ಭಾರತದ ನಿಯಮ. ರೋಗ ಕೈಮೀರುವ ಮುನ್ನ ಲೇಸರ್ ಚಿಕಿತ್ಸೆಯಾದರೆ ಹೆಚ್ಚಿನ ಮಕ್ಕಳಲ್ಲಿ ದೃಷ್ಟಿ ಉಳಿಯುತ್ತದೆ.

ಪರೀಕ್ಷಿಸಬಲ್ಲ ತಜ್ಞರು ವಿರಳ, ಅವರೂ ಬಹುಪಾಲು ಮಹಾನಗರಗಳಲ್ಲಿ. ೨೦೦೮ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಆರಂಭಿಸಿದ ‘ಕಿಡ್‌ರಾಪ್’ ಯೋಜನೆ ಈ ಕೊರತೆಗೆ ಉಪಾಯ ಹುಡುಕಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಅಕ್ಷಿಪಟಲದ ಚಿತ್ರ ತೆಗೆದರೆ, ದೂರದ ತಜ್ಞರು ಅದನ್ನು ನೋಡಿ ತೀರ್ಪು ಹೇಳುತ್ತಾರೆ. ಸರ್ಕಾರದ ಗ್ರಾಮೀಣ ಆರೋಗ್ಯ ಅಭಿಯಾನದ ಸಹಯೋಗದಿಂದ ಅದು ಮುಂದೆ ಉತ್ತರ ಕರ್ನಾಟಕಕ್ಕೂ, ಆಗ ಗುಲ್ಬರ್ಗಾ ಎನ್ನುತ್ತಿದ್ದ ಈ ಜಿಲ್ಲೆಗೂ ಹಬ್ಬಿತು.

ಕ್ಯಾಮೆರಾ ಕಲಬುರಗಿಯವರೆಗೆ ಬಂದರೂ ಕಮಲಾಪುರದ ಹಾದಿ ಕ್ರಮಿಸಬೇಕಾದುದು ಕೂಸೇ. ಆ ತಾರೀಖು ಬೀಳುವುದು ಬಾಣಂತನದ ನಡುವೆ: ತಾಯಿ ತವರಿನಲ್ಲಿ, ಕೂಸು ಬೆಚ್ಚನೆಯ ಕೋಣೆಯಲ್ಲಿ, ಹೊರಗೆ ಕರೆದೊಯ್ಯಬಾರದೆಂಬ ಹಿರಿಯರ ಕಟ್ಟುನಿಟ್ಟು. ಅದೂ ಮಮತೆಯೇ. ಹಾಲು ಕುಡಿದು ನೆಮ್ಮದಿಯಾಗಿ ಮಲಗಿದ ಕೂಸನ್ನು ಕೂಲಿ ಬಿಟ್ಟು, ಬಸ್ಸು ಹತ್ತಿಸಿ ಕರೆದೊಯ್ಯುವುದೇಕೆಂದು ಮನೆಯವರಿಗೆ ತೋರುವುದು ಸಹಜ. ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ಬರೆದ ಆ ದಿನಾಂಕವನ್ನು ಓದಿ ಹೇಳುವವರು, ಆ ದಿನ ಒಂದು ವಾಹನ ಗೊತ್ತುಮಾಡಿ ಕೊಡುವವರು ನೆರೆಯಲ್ಲಿ ಇದ್ದರೆ ಕೂಸು ಕಲಬುರಗಿಗೆ ಹೋಗಿ ಸಂಜೆಯೊಳಗೆ ಮರಳುತ್ತದೆ.