ಮತ್ಸ್ಯವಿನೋದವೂ ಮೀನುಗಳ ಸಹವಾಸವೂ

ಒಂದೇ ನೀರಿನಲ್ಲಿ ಯಾವ ಮೀನಿನ ಸಂಗಡ ಯಾವುದನ್ನು ಬಿಡಬಹುದು, ಪಾಚಿಯನ್ನು ಮೇಯ್ದು ನೀರನ್ನು ತಿಳಿಯಾಗಿಡುವ ಜೀವಿ ಯಾವುದು ಎಂಬ ಪ್ರಶ್ನೆಗಳನ್ನು ಹವ್ಯಾಸಿಗಳ ವಿಷಯವೆಂದು ಇತಿಹಾಸದ ಅಭ್ಯಾಸಿಗಳು ಬದಿಗಿಡುವುದುಂಟು. ಕನ್ನಡ ನಾಡಿನ ಮಟ್ಟಿಗೆ ಈ ಉಪೇಕ್ಷೆ ಸಲ್ಲದು. ಹುಬ್ಬಳ್ಳಿಯ ಅಂಚಿನ ಗಬ್ಬೂರೂ ಸೇರಿದಂತೆ ಈ ಸೀಮೆಯೆಲ್ಲ ಒಂದು ಕಾಲಕ್ಕೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದಿತು. (ಶಾಸನಗಳಿಂದ ಪ್ರಸಿದ್ಧವಾದ ಗಬ್ಬೂರು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನದು, ಇವೆರಡನ್ನು ಒಂದೆಂದು ಭ್ರಮಿಸಬಾರದು.) ಆ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ವೆಂಬ ಪ್ರಕರಣವೇ ಇದೆ.

ಈ ಪ್ರಕರಣದಲ್ಲಿ ಅರಸನು ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸಿ, ಸಮುದ್ರದವು ಯಾವುವು, ನದಿಯವು ಯಾವುವು, ಮೈಮೇಲೆ ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು ಎಂದು ವಿಂಗಡಿಸುತ್ತಾನೆ; ಅವುಗಳಿಗೆ ಹಾಕಬೇಕಾದ ಆಹಾರವನ್ನೂ ಹೇಳುತ್ತಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ಕುರಿತು ಬರೆದ ಮೇಲೆ ವಿದ್ವಾಂಸರ ಲಕ್ಷ್ಯ ಇತ್ತ ಹರಿಯಿತು. ಇಷ್ಟರಿಂದಲೇ ಸೋಮೇಶ್ವರನನ್ನು ಮೀನು ಸಾಕಣೆಯ ಆದ್ಯಾಚಾರ್ಯನೆಂದು ಕರೆಯಲು ಮನಸ್ಸು ಹಾತೊರೆಯುವುದು ಸಹಜ. ಆದರೆ ಹಾಗೆ ಹೇಳುವುದು ಗ್ರಂಥಕ್ಕೆ ನ್ಯಾಯವಲ್ಲ. ಅವನ ಉದ್ದೇಶ ಗಾಳದ ಬೇಟೆ; ಆಹಾರ ಹಾಕುವುದು ಮೀನನ್ನು ಒಂದೆಡೆಗೆ ಸೆಳೆದು ಕೊಬ್ಬಿಸುವುದಕ್ಕಾಗಿ. ಯಾವ ಮೀನು ಏನನ್ನು ತಿನ್ನುವುದೆಂಬುದು ಅವನಿಗೆ ಗೊತ್ತಿದ್ದಿತು. ಒಂದು ಮೀನು ಮತ್ತೊಂದರೊಡನೆ ಹೇಗೆ ಬಾಳುವುದೆಂಬುದು ಅವನ ಪ್ರಶ್ನೆಯಾಗಿರಲಿಲ್ಲ.

ಆ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಪ್ರಮುಖನು. ಅವನು ಗಾಜಿನ ಪಾತ್ರೆಯೊಂದರಲ್ಲಿ ಎರಡು ಚಿಕ್ಕ ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರ್ಗಿಡವನ್ನೂ ಇಟ್ಟನು. ಗಿಡ ಹೊರಸೂಸುವ ಆಮ್ಲಜನಕದಿಂದ ಮೀನು ಬದುಕಬೇಕು, ಮೀನಿನ ಉಸಿರಿನಿಂದ ಗಿಡ ಬೆಳೆಯಬೇಕು ಎಂಬುದು ಎಣಿಕೆ. ಎಣಿಕೆ ಸರಿಯಾಗಿಯೇ ಇದ್ದಿತಾದರೂ ಹಳೆಯ ಎಲೆಗಳು ಕೊಳೆತು ನೀರು ಕದಡಿತು, ಗಾಜಿಗೆ ಹಸುರು ಪಾಚಿ ಕಟ್ಟಿತು. ಆಗ ಅವನು ಕೊಳದ ಬಸವನಹುಳುಗಳು ಐದಾರನ್ನು ತಂದು ಬಿಟ್ಟನು. ಅವು ಕೊಳೆತುದನ್ನೂ ಪಾಚಿಯನ್ನೂ ಮೇಯ್ದವು; ಅವುಗಳ ಮೊಟ್ಟೆ ಮೀನುಗಳಿಗೆ ಆಹಾರವಾಯಿತು. 1850ರಲ್ಲಿ ಪ್ರಕಟವಾದ ಈ ವರದಿಯಲ್ಲಿ ಪಾಚಿ ತಿನ್ನುವ ಜೀವಿ ಅಲಂಕಾರವಾಗಿ ಬರುವುದಿಲ್ಲ. ಎರಡರ ಒಪ್ಪಂದ ಮುರಿದುಬಿದ್ದಾಗ ಮೂರನೆಯದಾಗಿ ಬರುತ್ತದೆ.

ನಮ್ಮ ದೇಶದಲ್ಲಿ ಇದೇ ವಿಚಾರ ಕೆರೆಗಳ ಪ್ರಮಾಣಕ್ಕೆ ಬೆಳೆದುದು ಮಿಶ್ರ ಮೀನು ಕೃಷಿಯಲ್ಲಿ. ಮೇಲ್ಪದರದಲ್ಲಿ ಕಾಟ್ಲಾ, ನಡುವೆ ರೋಹು, ತಳದಲ್ಲಿ ಮೃಗಾಲ್ ಮೇಯುವುದರಿಂದ ಒಂದರ ತುತ್ತನ್ನು ಇನ್ನೊಂದು ಕಸಿಯುವುದು ಕಡಿಮೆ. 1959ರಲ್ಲಿ ಹೊರದೇಶಗಳಿಂದ ತಂದ ಬೆಳ್ಳಿಗೆಂಡೆ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ, ಹುಲ್ಲುಗೆಂಡೆ ಕಳೆಯನ್ನು ಮೇಯುತ್ತದೆ. ಕೊರಮೀನಿನಂಥ ಬೇಟೆಗಾರ ಮೀನುಗಳನ್ನು ಮೊದಲೇ ತೆಗೆದುಹಾಕದಿದ್ದರೆ ಮರಿಗಳು ಉಳಿಯವು. ಆದರೂ ಕಾಗದದ ಮೇಲಿನ ಹೊಂದಾಣಿಕೆ ನೀರಿನಲ್ಲಿ ಯಾವಾಗಲೂ ನಿಲ್ಲುವುದಿಲ್ಲ. ಹಿಮಾಚಲದ ಗೋವಿಂದಸಾಗರ ಜಲಾಶಯಕ್ಕೆ 1971ರಲ್ಲಿ ಅಕಸ್ಮಾತ್ತಾಗಿ ಸೇರಿಕೊಂಡ ಬೆಳ್ಳಿಗೆಂಡೆಯೇ ಅಲ್ಲಿ ಪ್ರಬಲವಾಗಿ, ಕಾಟ್ಲಾ ಕ್ಷೀಣಿಸಿತು. ಎರಡೂ ಮೇಲ್ಪದರದ ಮೀನುಗಳೆಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಇದಕ್ಕಿಂತ ಗಂಭೀರವಾದ ಪ್ರಸಂಗ ಗ್ಯಾಂಬೂಸಿಯಾ ಮೀನಿನದು. ಸೊಳ್ಳೆಯ ಮರಿಗಳನ್ನು ತಿನ್ನಿಸಿ ಮಲೇರಿಯಾ ತಡೆಯಲು ಇದನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತರಲಾಯಿತು. ಆ ಕಾಲದ ಜ್ವರಪೀಡಿತ ಹಳ್ಳಿಗಳನ್ನು ನೆನೆದರೆ ತಂದವರನ್ನು ದೂಷಿಸಲು ನಾಲಿಗೆ ಏಳುವುದಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ಒಂದೇ: ಇದು ಏನನ್ನು ತಿನ್ನುತ್ತದೆ? ಅದು ಇತರ ಸಣ್ಣ ಮೀನುಗಳ ರೆಕ್ಕೆ ಕಚ್ಚುವುದನ್ನು, ಅವುಗಳ ಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ನುಂಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಸೊಳ್ಳೆಮರಿ ತಿನ್ನುವ ಅಪ್ಲೊಕೈಲಸ್‌ನಂಥ ದೇಶೀಯ ಮೀನುಗಳು ನಮ್ಮ ನೀರುಗಳಲ್ಲಿಯೇ ಇದ್ದವು. ಎಂಟು ಶತಮಾನ ಕಳೆದರೂ ಈ ಒಂದು ವಿಷಯದಲ್ಲಿ ನಾವು ಸೋಮೇಶ್ವರನ ಪ್ರಶ್ನೆಯಿಂದ ಮುಂದೆ ಹೋಗಿರಲಿಲ್ಲವೆಂದೇ ನನ್ನ ಅಭಿಪ್ರಾಯ.

ಗಾಜಿನ ತೊಟ್ಟಿಯ ಹವ್ಯಾಸದಲ್ಲಿಯೂ ಇದೇ ಬಗೆಯ ತಪ್ಪು ನಡೆಯುತ್ತಿದೆ. ಪಾಚಿ ತೆಗೆಯಲೆಂದು ಕೊಳ್ಳುವ ದಕ್ಷಿಣ ಅಮೆರಿಕದ ಕವಚಮೀನು ಬೆರಳುದ್ದದ್ದಾಗಿ ಮನೆಗೆ ಬಂದು ಮೊಳದುದ್ದಕ್ಕೆ ಸಮೀಪ ಬೆಳೆಯಬಲ್ಲದು. ತೊಟ್ಟಿಗೆ ಒಗ್ಗದಾದಾಗ ಅದನ್ನು ಕೆರೆಗೆ ಬಿಡುತ್ತಾರೆ, ಭಾರತದ ಹಲವು ಜಲಾಶಯಗಳಲ್ಲಿ ಅದು ಈಗಾಗಲೇ ನೆಲೆಯೂರಿದೆ. ದೇಶೀಯ ಮೀನೇ ಬೇಕೆಂದರೆ, ಕಲ್ಲಿಗೆ ಅಂಟಿಕೊಂಡು ಪಾಚಿ ಕೆರೆಯುವ ಗಾರ್ರಾ ಜಾತಿಯಿದೆ. ಇದರ ಒಂದು ಪ್ರಭೇದವನ್ನು ಸೈಕ್ಸ್ ಎಂಬ ಸೇನಾಧಿಕಾರಿ 1839ರಲ್ಲಿಯೇ ದಖ್ಖನ್ನಿನ ಮೀನುಗಳ ನಡುವೆ ವರ್ಣಿಸಿದ್ದನು. ಆದರೆ ಅದು ಹರಿಯುವ ನೀರಿನ ಜೀವಿ. ಗಬ್ಬೂರಿನ ಬೇಸಿಗೆಯಲ್ಲಿ ನಿಂತ ನೀರಿನ ತೊಟ್ಟಿಯಲ್ಲಿ ಅದನ್ನು ಇಡುವವನು ನೀರನ್ನು ಸದಾ ಚಲನೆಯಲ್ಲಿಡಬೇಕಾಗುತ್ತದೆ. ಅಷ್ಟು ಅನುಕೂಲವಿಲ್ಲದವನಿಗೆ ವಾರಿಂಗ್ಟನ್ನನ ಗಿಡ, ಬಸವನಹುಳುಗಳೇ ಸಾಕು. ಆ ಗಿಡ ನಮ್ಮ ಕೆರೆಗಳಲ್ಲಿಯೂ ಬೆಳೆಯುತ್ತದೆ.